ಮನೆಗೊಂದೇ ಎಲೆಕ್ಟ್ರಿಕ್ ಕಾರ್ಗೊ ಸೈಕಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿಯವರು ಇದನ್ನು ಕಾರ್ಗೊ ಬೈಕ್ ಎನ್ನುತ್ತಾರೆ. ಬೈಕ್ ಎಂದ ಕೂಡಲೇ ನಮ್ಮ ಕಣ್ಣಿಗೆ ಪೆಟ್ರೋಲ್ ಟ್ಯಾಂಕು ಬರುವುದರಿಂದ ಇಲ್ಲಿ ಸೈಕಲ್ ಎಂದೇ ಬರೆದಿದ್ದೇನೆ. ಪೆಡಲ್ ತುಳಿಯುವುದು ತಪ್ಪುವುದಿಲ್ಲ, ಮೋಟಾರು ಜೊತೆಗೂಡಿ ನೂಕುತ್ತದೆ, ಅಷ್ಟೇ. ಕೊಳ್ಳಬೇಕೆಂದಿರುವವರು ನನ್ನ ಹತ್ತಿರ ಮೊದಲು ಕೇಳುವುದು ಮೋಟಾರಿನ ಬಗ್ಗೆ. ಕೊಂಡು ಆರು ತಿಂಗಳಾದವರು ಮಾತಾಡುವುದು ಸೀಟು, ಸ್ಟ್ಯಾಂಡು ಮತ್ತು ಬಾಗಿಲಿನ ಅಗಲದ ಬಗ್ಗೆ. ಕೆಳಗಿನ ಉತ್ತರಗಳ ಉದ್ದ ಗಿಡ್ಡವೂ ಅದೇ ಲೆಕ್ಕದಲ್ಲಿದೆ.

ಹಿಂದೆ ಗಟ್ಟಿ ಕ್ಯಾರಿಯರ್ ಇರುವ ಸೈಕಲ್ ನಮ್ಮಲ್ಲಿದೆ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಸಾಮಾನ್ಯ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ ಬಹುಪಾಲು 25 ಕೆಜಿ ಎಂದು ಬರೆದಿರುತ್ತದೆ. ಅದಕ್ಕಿಂತ ಹೆಚ್ಚು ಹೇರಿದರೆ ಕ್ಯಾರಿಯರ್ ಮುರಿಯುವುದು ಆಮೇಲಿನ ಮಾತು. ಅದಕ್ಕೂ ಮೊದಲೇ ಹ್ಯಾಂಡಲ್ ಅಲುಗಾಡತೊಡಗುತ್ತದೆ, ಹಿಂದಿನ ಚಕ್ರದ ಕಡ್ಡಿಗಳು ಒಂದೊಂದಾಗಿ ಸಡಿಲವಾಗುತ್ತವೆ. ಕಾರ್ಗೊ ಸೈಕಲ್ಲಿನ ಫ್ರೇಮು, ಚಕ್ರ, ಬ್ರೇಕು, ಸ್ಟ್ಯಾಂಡು ಎಲ್ಲವೂ ಹೊರೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದವು. ಚಕ್ರಗಳ ನಡುವಿನ ಅಂತರ ಹೆಚ್ಚು, ಹೊರೆ ಕೂರುವ ಜಾಗ ತಗ್ಗು. ಇದರ ಬೆಲೆ ತೆರುವುದು ತೂಕದಲ್ಲಿ: ಖಾಲಿ ಸೈಕಲ್ಲೇ 30ರಿಂದ 50 ಕೆಜಿ ಇರುತ್ತದೆ. ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುವ ಆಸೆ ಇದ್ದರೆ ಇಲ್ಲೇ ಬಿಡಿ.

ಉದ್ದ ಬಾಲದ್ದೋ, ಮುಂದೆ ಪೆಟ್ಟಿಗೆ ಇರುವುದೋ, ಮೂರು ಚಕ್ರದ್ದೋ?

ಉದ್ದ ಬಾಲದ್ದು ಎಂದರೆ ಲಾಂಗ್‌ಟೇಲ್. ಹಿಂದಿನ ಕ್ಯಾರಿಯರ್ ಉದ್ದಕ್ಕೆ ಚಾಚಿಕೊಂಡಿರುತ್ತದೆ, ಅದರ ಮೇಲೆ ಒಂದೋ ಎರಡೋ ಮಕ್ಕಳು, ಪಕ್ಕಗಳಲ್ಲಿ ಚೀಲ. ಓಡಿಸುವಾಗ ಮಾಮೂಲಿ ಸೈಕಲ್ಲಿನ ಹಾಗೇ ಅನಿಸುತ್ತದೆ. ಮುಂದೆ ಪೆಟ್ಟಿಗೆ ಇರುವ ಎರಡು ಚಕ್ರದ್ದರಲ್ಲಿ ಮಕ್ಕಳು ನಿಮ್ಮ ಕಣ್ಣೆದುರೇ ಕೂರುತ್ತಾರೆ. ಮಾತಾಡಬಹುದು, ಯಾರು ಯಾರನ್ನು ಚಿವುಟಿದರು ಎನ್ನುವುದಕ್ಕೂ ಸಾಕ್ಷಿ ಇರುತ್ತದೆ. ಆದರೆ ಮುಂದಿನ ಚಕ್ರ ನಿಮ್ಮಿಂದ ದೂರದಲ್ಲಿ, ಪೆಟ್ಟಿಗೆಯ ಆಚೆ ಇರುವುದರಿಂದ ಮೊದಲ ಹತ್ತು ನಿಮಿಷ ಎಂಥವರೂ ಹಾವಿನಂತೆ ಓಡಿಸುತ್ತಾರೆ. ಡೆನ್ಮಾರ್ಕಿನಲ್ಲಿ ಇದೇ ವಿನ್ಯಾಸ 1920ರ ದಶಕದಿಂದಲೂ ಲಾಂಗ್ ಜಾನ್ ಎಂಬ ಹೆಸರಿನಲ್ಲಿ ಸರಕು ಸಾಗಿಸಿದೆ. ಪೆಟ್ಟಿಗೆ ಸೈಕಲ್ಲಿಗೆ ಡಚ್ಚರು ಇಟ್ಟ ಹೆಸರು ಬಾಕ್‌ಫೀಟ್ಸ್.

ಮೂರು ಚಕ್ರದ್ದು ನಿಂತಾಗ ಬೀಳುವುದಿಲ್ಲ, ಅದೇ ಅದರ ದೊಡ್ಡ ಗುಣ. ತಿರುವಿನಲ್ಲಿ ಮಾತ್ರ ಅದು ವಾಲದು. ಎರಡು ಚಕ್ರದ ಸೈಕಲ್ ತಿರುವಿನಲ್ಲಿ ತಾನಾಗಿ ಒಳಕ್ಕೆ ವಾಲುತ್ತದೆ, ವಾಲದ ಮೂರು ಚಕ್ರದ್ದು ನಿಮ್ಮನ್ನು ಹೊರಕ್ಕೆ ತಳ್ಳುತ್ತದೆ. ವೇಗವಾಗಿ ತಿರುಗಿಸಿದರೆ ಒಳಗಿನ ಚಕ್ರ ನೆಲ ಬಿಡುತ್ತದೆ. ವಾಲುವಂತೆ ಮಾಡಿದ ಮೂರು ಚಕ್ರದವೂ ಇವೆ. ಅವು ಚೆನ್ನಾಗಿವೆ, ಜೊತೆಗೆ ಭಾರ ಮತ್ತು ಬಿಡಿಭಾಗ ಎರಡೂ ಜಾಸ್ತಿ.

ನನ್ನ ಅಭಿಪ್ರಾಯ ಕೇಳಿದರೆ, ಓಡಿಸುವವರು ಒಬ್ಬರಿಗಿಂತ ಹೆಚ್ಚಿದ್ದು ಅವರಲ್ಲಿ ಒಬ್ಬರಿಗಾದರೂ ಸೈಕಲ್ ಅಭ್ಯಾಸ ತಪ್ಪಿ ವರ್ಷಗಳಾಗಿದ್ದರೆ ಗಿಡ್ಡ ಲಾಂಗ್‌ಟೇಲ್‌ನಿಂದ ಶುರುಮಾಡಿ. ಕಲಿಯುವುದಕ್ಕೆ ಹೊಸದಾಗಿ ಏನೂ ಇರುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಬ್ಬರಿದ್ದರೆ ಮಾತ್ರ ಪೆಟ್ಟಿಗೆಯದ್ದೇ ಸರಿ.

ಮನೆಯಲ್ಲಿ ಒಬ್ಬರು 155 ಸೆಂ.ಮೀ., ಇನ್ನೊಬ್ಬರು 183. ಒಂದೇ ಸೈಕಲ್ ಇಬ್ಬರಿಗೂ ಹೊಂದುತ್ತದೆಯೇ?

ಹೊಂದುತ್ತದೆ, ಆಯ್ಕೆಯನ್ನು 155ರವರು ಮಾಡಿದರೆ.

ಇದು ತಮಾಷೆಯ ಮಾತಲ್ಲ. ಎತ್ತರದವರು ಸಣ್ಣ ಸೈಕಲ್ಲನ್ನು ಸೀಟು ಏರಿಸಿಕೊಂಡು ಓಡಿಸಬಲ್ಲರು. ಅಂದ ಕಾಣದಿದ್ದರೂ ಸುರಕ್ಷಿತವಾಗಿರುತ್ತದೆ. ಗಿಡ್ಡವರಿಗೆ ದೊಡ್ಡ ಸೈಕಲ್ ಕೊಟ್ಟರೆ ಸಿಗ್ನಲ್ಲಿನಲ್ಲಿ ನಿಂತಾಗ ತುದಿಬೆರಳು ಮಾತ್ರ ನೆಲಕ್ಕೆ ತಾಗುತ್ತದೆ. ಖಾಲಿ ಸೈಕಲ್ಲಿನಲ್ಲಿ ಅಷ್ಟೇ ಸಾಕು. ಹಿಂದೆ 40 ಕೆಜಿಯ ಮಕ್ಕಳು ಕೂತು, ಅವರಲ್ಲೊಬ್ಬಳು ಬೆಕ್ಕು ನೋಡಲೆಂದು ಪಕ್ಕಕ್ಕೆ ಬಾಗಿದರೆ ತುದಿಬೆರಳಿನಿಂದ ಹಿಡಿದು ನಿಲ್ಲಿಸಲಾಗದು. ಒಮ್ಮೆ ಹಾಗೆ ವಾಲಿಸಿಕೊಂಡವರು ಮತ್ತೆ ಆ ಸೈಕಲ್ ಮುಟ್ಟುವುದಿಲ್ಲ. ಅಲ್ಲಿಗೆ ಮನೆಮಂದಿಯ ಸೈಕಲ್ ಒಬ್ಬರ ಸೈಕಲ್ ಆಯಿತು. ನಾನು ಕಂಡ ಹಾಗೆ ಹಂಚಿಕೆ ಮುರಿದುಬೀಳುವುದು ಹೆಚ್ಚಾಗಿ ಇಲ್ಲೇ, ಬ್ಯಾಟರಿಯಲ್ಲೂ ಅಲ್ಲ, ಮೋಟಾರಿನಲ್ಲೂ ಅಲ್ಲ.

ಹಾಗಾಗಿ ಅಂಗಡಿಯಲ್ಲಿ ಸೀಟನ್ನು ಪೂರ್ತಿ ತಗ್ಗಿಸಿ, ಮನೆಯ ಅತಿ ಗಿಡ್ಡ ಸವಾರರನ್ನು ಮೊದಲು ಕೂರಿಸಿ. ಎರಡೂ ಪಾದಗಳ ಮುಂಭಾಗ ನೆಲಕ್ಕೆ ಊರಬೇಕು. ಅಡ್ಡಕಂಬಿ ತಗ್ಗಿರುವ ಫ್ರೇಮೇ ಇರಲಿ. ಹಿಂದೆ ಮಗುವಿನ ಸೀಟು ಇರುವಾಗ ಕಾಲನ್ನು ಹಿಂದಿನಿಂದ ಬೀಸಿ ಹತ್ತಲು ಯಾರಿಗೂ ಆಗದು, ಎಲ್ಲರೂ ಮುಂದಿನಿಂದಲೇ ದಾಟಬೇಕು. 20 ಇಂಚಿನ ಚಕ್ರವಿದ್ದರೆ ಕ್ಯಾರಿಯರ್ ತಗ್ಗುತ್ತದೆ, ಚಿಕ್ಕ ಚಕ್ರ ಗಟ್ಟಿಯೂ ಹೌದು. 2017ರಲ್ಲಿ ಬಂದ ಟರ್ನ್ ಕಂಪನಿಯ ಜಿಎಸ್‌ಡಿ ಮಾದರಿ ಇದೇ ಉಪಾಯದಿಂದ ಸುಮಾರು 180 ಸೆಂ.ಮೀ. ಉದ್ದದಲ್ಲಿ, ಅಂದರೆ ಮಾಮೂಲಿ ಸೈಕಲ್ಲಿನಷ್ಟೇ ಜಾಗದಲ್ಲಿ, ಇಬ್ಬರು ಮಕ್ಕಳನ್ನು ಕೂರಿಸಿತು. ಆಮೇಲೆ ಬಂದ ಗಿಡ್ಡ ಕಾರ್ಗೊ ಸೈಕಲ್ಲುಗಳಲ್ಲಿ ಅನೇಕವು ಅದೇ ಜಾಡಿನವು.

ಸೀಟಿನ ಕ್ಲ್ಯಾಂಪು ಸ್ಪ್ಯಾನರ್ ಇಲ್ಲದೆ, ಕೈಯಲ್ಲೇ ಬಿಚ್ಚುವಂತಿರಬೇಕು. ಸ್ಪ್ಯಾನರ್ ಬೇಕೆಂದರೆ ಮೂರನೆಯ ದಿನದಿಂದ ಯಾರೂ ಸೀಟು ಸರಿಮಾಡಿಕೊಳ್ಳುವುದಿಲ್ಲ, ಮಂಡಿನೋವು ಎನ್ನುತ್ತಾರೆ. ಸೀಟಿನ ಕೆಳಗಿನ ಕಂಬಕ್ಕೆ ನಾವು ಎರಡು ಬಣ್ಣದ ಇನ್ಸುಲೇಷನ್ ಟೇಪು ಸುತ್ತಿದ್ದೇವೆ. ಕೆಂಪು ನನ್ನದು, ಹಳದಿ ಹೆಂಡತಿಯದು. ಬೆಳಿಗ್ಗೆ ಹೊತ್ತಿನ ಗಡಿಬಿಡಿಯಲ್ಲಿ ಐದು ಸೆಕೆಂಡಿನ ಕೆಲಸ. ಕಂಬದ ಮೇಲೆ ಇದಕ್ಕಿಂತ ಮೇಲೆ ಎಳೆಯಬಾರದು ಎಂಬ ಗೆರೆ ಕೊರೆದಿರುತ್ತದೆ. ಎತ್ತರದವರ ಟೇಪು ಆ ಗೆರೆ ದಾಟುತ್ತದೆ ಎಂದಾದರೆ ಉದ್ದನೆಯ ಕಂಬ ಹಾಕಿಸಿ, ಗೆರೆ ದಾಟಿಸಬೇಡಿ.

200 ಕೆಜಿ ತಡೆಯುತ್ತದೆ ಎಂದು ಬರೆದಿದೆ. ಹಾಗಾದರೆ 200 ಕೆಜಿ ಸಾಮಾನು ಹೇರಬಹುದೇ?

ಇಲ್ಲ. ಬಹಳ ಜನ ಎಡವುವುದು ಇಲ್ಲಿ. ಆ ಸಂಖ್ಯೆ ಸಾಮಾನ್ಯವಾಗಿ ಒಟ್ಟು ತೂಕ: ಸೈಕಲ್ಲು, ಸವಾರ, ಮಕ್ಕಳು, ಚೀಲ, ಬೀಗ, ಎಲ್ಲ ಸೇರಿ. ಸೈಕಲ್ 35 ಕೆಜಿ, ಓಡಿಸುವವರು 60 ಕೆಜಿ ಇದ್ದರೆ ಉಳಿಯುವುದು 105. ಅದೇ ಸೈಕಲ್ಲನ್ನು 90 ಕೆಜಿಯವರು ಹತ್ತಿದರೆ ಉಳಿಯುವುದು 75. ಅಂದರೆ ಯಾರು ಓಡಿಸುತ್ತಾರೆ ಎಂಬುದರ ಮೇಲೆ ಎಷ್ಟು ಹೇರಬಹುದು ಎಂಬುದೂ ಬದಲಾಗುತ್ತದೆ. ಇದರ ಮೇಲೆ ಕ್ಯಾರಿಯರಿಗೇ ಬೇರೆ ಮಿತಿ ಇರುತ್ತದೆ, 60 ಅಥವಾ 80 ಹೀಗೆ. ಎರಡು ಮಿತಿಗಳಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಮಕ್ಕಳು ಬೆಳೆಯುತ್ತಾರೆ ಎಂಬುದನ್ನೂ ಮರೆಯಬೇಡಿ. ಇವತ್ತಿನ ತೂಕಕ್ಕೆ ಕೊಂಡರೆ ಮೂರು ವರ್ಷದಲ್ಲಿ ಮಿತಿ ಮುಟ್ಟುತ್ತೀರಿ.

ಮೋಟಾರು ಚಕ್ರದಲ್ಲಿರಬೇಕೋ, ಪೆಡಲ್ ಹತ್ತಿರ ಇರಬೇಕೋ?

ನಿಮ್ಮ ದಾರಿಯಲ್ಲಿ ಏರು ಇದೆಯೇ ಎಂಬುದರ ಮೇಲೆ ಹೋಗುತ್ತದೆ. ಸವಾರ, ಮಕ್ಕಳು, ಸೈಕಲ್ ಸೇರಿ 180 ಕೆಜಿ ಎಂದುಕೊಳ್ಳಿ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಲು, ಬರೀ ಭಾರ ಎತ್ತುವುದಕ್ಕೇ ಸುಮಾರು 300 ವ್ಯಾಟ್ ಬೇಕು. ಆರಾಮವಾಗಿ ತುಳಿಯುವ ಮನುಷ್ಯ ಕೊಡುವುದು ನೂರರ ಆಸುಪಾಸು. ಉಳಿದದ್ದನ್ನು ಮೋಟಾರೇ ಕೊಡಬೇಕು.

ಪೆಡಲ್ ಹತ್ತಿರದ ಮೋಟಾರು ಗೇರಿನ ಮೂಲಕ ಎಳೆಯುತ್ತದೆ. ನೀವು ಹಗುರ ಗೇರಿಗೆ ಇಳಿಸಿದರೆ ಅದಕ್ಕೂ ಹಗುರ. ಚಕ್ರದೊಳಗಿನ ಮೋಟಾರಿಗೆ ಈ ಅನುಕೂಲವಿಲ್ಲ. ದೊಡ್ಡ ಏರಿನಲ್ಲಿ ನಿಧಾನವಾಗಿ ತಿರುಗುತ್ತ ಬಿಸಿಯಾಗುತ್ತದೆ. ಸಮತಟ್ಟು ಊರಿನಲ್ಲಿ ಅದು ಏನೂ ಕಡಿಮೆಯಲ್ಲ. ಚೈನಿಗೆ ಬೀಳುವ ಎಳೆತ ಕಡಿಮೆ, ರಿಪೇರಿ ಸುಲಭ. ಆದರೆ ಹಿಂದಿನ ಚಕ್ರ ಪಂಕ್ಚರ್ ಆದಾಗ ವೈರು ಬಿಚ್ಚುವ ಕೆಲಸ ಜಾಸ್ತಿ. ವ್ಯಾಟ್ ಸಂಖ್ಯೆ ನೋಡಿ ಮರುಳಾಗಬೇಡಿ. ಯೂರೋಪಿನ ನಿಯಮದಲ್ಲಿ 250 ವ್ಯಾಟ್ ಎಂದರೆ ಸತತವಾಗಿ ಕೊಡುವ ಶಕ್ತಿ, ಏರಿನಲ್ಲಿ ಸ್ವಲ್ಪ ಹೊತ್ತು ಅದರ ಎರಡು ಪಟ್ಟನ್ನೂ ಕೊಡುವ ಮೋಟಾರುಗಳಿವೆ. ಹೊರೆ ಎಳೆಯಲು ನೋಡಬೇಕಾದದ್ದು ತಿರುಚುಬಲ, ಅಂದರೆ ಟಾರ್ಕ್. ಕಾರ್ಗೊಗೆಂದೇ ಮಾಡಿದ ಮಧ್ಯದ ಮೋಟಾರುಗಳಲ್ಲಿ ಅದು 80–85 ನ್ಯೂಟನ್ ಮೀಟರ್ ಮಟ್ಟದಲ್ಲಿರುತ್ತದೆ.

ಹಂಚಿಕೊಳ್ಳುವವರಿಗೆ ಇನ್ನೊಂದು ಮಾತು. ತುಳಿತದ ಬಲವನ್ನು ಅಳೆದು ನೂಕುವ ಮೋಟಾರನ್ನೇ ಆರಿಸಿ. ಪೆಡಲ್ ತಿರುಗಿತು ಎಂದೊಡನೆ ಚಿಮ್ಮುವ ಅಗ್ಗದ ಸೆನ್ಸರ್ ಇದ್ದರೆ ಹೊಸಬರು ಹೊರಡುವಾಗಲೇ ಹೆದರುತ್ತಾರೆ.

ಕಾನೂನಿನಲ್ಲಿ ಇದು ಸೈಕಲ್ಲೇ?

ಊರೂರಿಗೆ ಬೇರೆ. ಯೂರೋಪಿನ ಒಕ್ಕೂಟದಲ್ಲಿ 250 ವ್ಯಾಟ್ ಒಳಗೆ, ತುಳಿದಾಗ ಮಾತ್ರ ನೆರವು, ಗಂಟೆಗೆ 25 ಕಿ.ಮೀ. ಮುಟ್ಟಿದರೆ ನೆರವು ಬಂದ್, ಇಷ್ಟಿದ್ದರೆ ಸೈಕಲ್. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಮೂರು ವರ್ಗಗಳಿದ್ದು ಮೊದಲೆರಡಕ್ಕೆ ಗಂಟೆಗೆ 32 ಕಿ.ಮೀ., ಮೂರನೆಯದಕ್ಕೆ 45 ಕಿ.ಮೀ. ಮಿತಿ. ಮನೆಯ ಹದಿಹರೆಯದವರಿಗೂ ಕೊಡುವ ಯೋಚನೆ ಇದ್ದರೆ ವಯಸ್ಸಿನ ನಿಯಮವನ್ನು ಕೊಳ್ಳುವ ಮೊದಲೇ ವಿಚಾರಿಸಿ. ಒಬ್ಬರೇ ಹೋಗಲು ಒಂದು ವಯಸ್ಸು, ತಮ್ಮ ತಂಗಿಯರನ್ನು ಕೂರಿಸಿಕೊಂಡು ಹೋಗಲು ಇನ್ನೊಂದು ಎಂದಿರಬಹುದು.

ಒಂದು ಚಾರ್ಜಿಗೆ ನಿಜವಾಗಿ ಎಷ್ಟು ದೂರ ಹೋಗುತ್ತದೆ?

ಜಾಹೀರಾತಿನ ಸಂಖ್ಯೆಯನ್ನು ಪಕ್ಕಕ್ಕಿಡಿ. ಬ್ಯಾಟರಿಯ ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿ: 36 ವೋಲ್ಟ್, 14 ಆಂಪಿಯರ್-ಅವರ್ ಎಂದರೆ 504 ವ್ಯಾಟ್-ಅವರ್. ಹೊರೆ ಹೊತ್ತ ಕಾರ್ಗೊ ಸೈಕಲ್ಲಿಗೆ ಕಿಲೋಮೀಟರಿಗೆ 10ರಿಂದ 20 ವ್ಯಾಟ್-ಅವರ್ ಬೇಕಾಗುತ್ತದೆ. 15 ಎಂದಿಟ್ಟುಕೊಂಡರೆ 33 ಕಿ.ಮೀ. ಆಯಿತು. ಚಳಿಯಲ್ಲಿ ಇನ್ನೂ ಕಡಿಮೆ. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಮತ್ತೂ ಕಡಿಮೆ, ಇದನ್ನು ಯಾರೂ ನಂಬುವುದಿಲ್ಲ, ಗಾಳಿ ಹೊಡೆದು ನೋಡಿ.

ಮನೆಯಲ್ಲಿ ಬೆಳಿಗ್ಗೆ ಒಬ್ಬರು, ಸಂಜೆ ಇನ್ನೊಬ್ಬರು ಓಡಿಸಿದರೆ ಇಬ್ಬರ ದೂರವನ್ನೂ ಕೂಡಿಸಬೇಕು. ನಡುವೆ ಚಾರ್ಜಿಗೆ ಎಷ್ಟು ಹೊತ್ತು ಸಿಗುತ್ತದೆ ಎಂಬುದೂ ಲೆಕ್ಕ. 2 ಆಂಪಿಯರ್ ಚಾರ್ಜರಿನಲ್ಲಿ 500 ವ್ಯಾಟ್-ಅವರ್ ತುಂಬಲು ಏಳು ಗಂಟೆಯಾದರೂ ಹಿಡಿಯುತ್ತದೆ, 4 ಆಂಪಿಯರಿನದಾದರೆ ಅದರ ಅರ್ಧ.

ಎರಡು ಬ್ಯಾಟರಿ ಬೇಕೇ?

ದಿನದ ಒಟ್ಟು ದೂರ ಮೇಲಿನ ಲೆಕ್ಕದ ಮುಕ್ಕಾಲು ಪಾಲು ಮೀರಿದರೆ ಬೇಕು. ಇಲ್ಲದಿದ್ದರೆ ಸುಮ್ಮನೆ ಮೂರು ಕೆಜಿ ಹೊತ್ತು ತಿರುಗುತ್ತೀರಿ. ಮುಂದೆ ಹಾಕಿಸಲು ಜಾಗ ಬಿಟ್ಟಿರುವ ಮಾದರಿ ಕೊಂಡರೆ ಸಾಕು.

ಬ್ರೇಕಿನಲ್ಲಿ ಏನು ನೋಡಬೇಕು?

ಎರಡೂ ಚಕ್ರಕ್ಕೆ ಆಯಿಲ್ ಡಿಸ್ಕ್ ಬ್ರೇಕ್, ಡಿಸ್ಕಿನ ಅಡ್ಡಳತೆ 180 ಮಿ.ಮೀ. ಅಥವಾ ಹೆಚ್ಚು. ಇದರಲ್ಲಿ ರಾಜಿ ಬೇಡ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ 7 ಮೀಟರ್ ಹೋಗಿರುತ್ತೀರಿ, ಬೆರಳು ಬ್ರೇಕ್ ಮುಟ್ಟುವ ಹೊತ್ತಿಗೇ ಅಷ್ಟು ದಾರಿ ಮುಗಿದಿರುತ್ತದೆ. ಕೇಬಲ್ಲಿನ ಬ್ರೇಕಾದರೆ ಗಟ್ಟಿಯಾಗಿ ಹಿಂಡಬೇಕು, ಕೈ ಚಿಕ್ಕದಿರುವವರಿಗೆ ಕಷ್ಟ. ಬ್ರೇಕ್ ಹಿಡಿಯನ್ನು ಹ್ಯಾಂಡಲ್ ಹತ್ತಿರಕ್ಕೆ ತರುವ ಸಣ್ಣ ತಿರುಪು ಇರುತ್ತದೆ. ಅದನ್ನೂ ಮನೆಯ ಅತಿ ಚಿಕ್ಕ ಕೈಗೆ ಹೊಂದಿಸಿ, ದೊಡ್ಡ ಕೈಗೆ ಹೇಗೂ ಒಗ್ಗುತ್ತದೆ. ಪ್ಯಾಡುಗಳು ಸಾಮಾನ್ಯ ಸೈಕಲ್ಲಿಗಿಂತ ಬೇಗ ಸವೆಯುತ್ತವೆ. ಯಾರಾದರೂ ಒಬ್ಬರು ತಿಂಗಳಿಗೊಮ್ಮೆ ಇಣುಕಿ ನೋಡಬೇಕು. ಎಲ್ಲರ ಕೆಲಸ ಎಂದು ಬಿಟ್ಟರೆ ಯಾರೂ ನೋಡುವುದಿಲ್ಲ.

ಚೈನೋ ಬೆಲ್ಟೋ? ಗೇರು ಎಂಥದ್ದು?

ಹಿಂದಿನ ಚಕ್ರದ ಗುಬ್ಬದೊಳಗೇ ಗೇರು ಅಡಗಿರುವ ಬಗೆ ನನಗೆ ಇಷ್ಟ. ಕಾರಣ ಒಂದೇ, ನಿಂತಲ್ಲೇ ಗೇರು ಇಳಿಸಬಹುದು. ಹೊರಗಿನ ಗೇರಿನಲ್ಲಿ ತುಳಿಯುತ್ತಿರುವಾಗಲೇ ಬದಲಿಸಬೇಕು. ಸಿಗ್ನಲ್ ಬರುವ ಮೊದಲೇ ಇಳಿಸಲು ಮರೆತವರು 150 ಕೆಜಿಯನ್ನು ಭಾರದ ಗೇರಿನಲ್ಲಿ ಎಬ್ಬಿಸಲು ಒದ್ದಾಡುತ್ತಾರೆ. ಅಭ್ಯಾಸ ಇಲ್ಲದವರೇ ಮರೆಯುವುದು. ಬೆಲ್ಟಿಗೆ ಎಣ್ಣೆ ಬೇಡ, ಬಟ್ಟೆ ಕೊಳೆಯಾಗದು. ಹೊರಗಿನ ಗೇರು, ಚೈನು ಎಲ್ಲ ಕಡೆ ರಿಪೇರಿಯಾಗುತ್ತದೆ, ಅಷ್ಟಿಷ್ಟು ಹಗುರವೂ ಹೌದು.

ಮಗುವನ್ನು ಯಾವ ವಯಸ್ಸಿನಿಂದ ಕೂರಿಸಬಹುದು?

ಆಸರೆ ಇಲ್ಲದೆ ಚೆನ್ನಾಗಿ ಕೂತುಕೊಳ್ಳಬೇಕು, ಹೆಲ್ಮೆಟ್ಟಿನ ಭಾರ ಕತ್ತು ತಡೆಯಬೇಕು. ಸಾಮಾನ್ಯವಾಗಿ ಒಂದು ವರ್ಷದ ಹೊತ್ತಿಗೆ. ಮಕ್ಕಳ ವೈದ್ಯರನ್ನು ಒಂದು ಮಾತು ಕೇಳಿ. ಹಿಂದಿನ ಮಗುವಿನ ಸೀಟುಗಳು ಬಹುಪಾಲು 22 ಕೆಜಿಯವರೆಗೆ. ಆಮೇಲೆ ಕ್ಯಾರಿಯರಿನ ಮೇಲೆ ಮೆತ್ತೆ, ಹಿಡಿಯಲು ಸುತ್ತುಕಂಬಿ, ಕಾಲಿಡಲು ಹಲಗೆ. ಚಕ್ರದ ಪಕ್ಕ ಮುಚ್ಚಿರಬೇಕು, ಇದನ್ನು ಒತ್ತಿ ಹೇಳುತ್ತಿದ್ದೇನೆ. ತೂಗಾಡುವ ಕಾಲು, ಬಟ್ಟೆಯ ಅಂಚು, ಚೀಲದ ದಾರ ಕಡ್ಡಿಯ ನಡುವೆ ಹೋಗಲು ಒಂದು ಗಳಿಗೆ ಸಾಕು.

ಸ್ಟ್ಯಾಂಡಿನ ಬಗ್ಗೆ ಯಾಕಷ್ಟು ಮಾತು?

ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ಬೆಲ್ಟ್ ಹಾಕುವುದು ಎಲ್ಲ ಸ್ಟ್ಯಾಂಡಿನ ಮೇಲೆಯೇ. ಒಂದು ಕಾಲಿನ ಪಕ್ಕದ ಸ್ಟ್ಯಾಂಡ್ ಇಲ್ಲಿ ನಡೆಯದು, ಅಗಲ ಕಾಲಿನ ಜೋಡಿ ಸ್ಟ್ಯಾಂಡೇ ಬೇಕು. ಕೊಂಡ ಮೊದಲ ವಾರ ನಾನು ಸ್ವಲ್ಪ ಇಳಿಜಾರಿನಲ್ಲಿ ನಿಲ್ಲಿಸಿ, ಮಗಳನ್ನು ಕೂರಿಸಿ, ಅವಳ ಚೀಲ ತರಲು ಎರಡು ಹೆಜ್ಜೆ ಹೋದೆ. ಸೈಕಲ್ ನಿಧಾನಕ್ಕೆ ಮುಂದಕ್ಕೆ ಉರುಳಿತು, ಸ್ಟ್ಯಾಂಡು ಮಡಚಿಕೊಂಡಿತು. ಹ್ಯಾಂಡಲ್ ಗೋಡೆಗೆ ಆನಿಕೊಂಡಿದ್ದರಿಂದ ಪೂರ್ತಿ ಬೀಳಲಿಲ್ಲ. ಮಗಳು ನಕ್ಕಳು. ನನ್ನ ಕೈ ನಡುಗುವುದು ನಿಲ್ಲಲು ಹೊತ್ತು ಹಿಡಿಯಿತು. ತಪ್ಪು ಸ್ಟ್ಯಾಂಡಿನದಲ್ಲ, ನನ್ನದು. ಆವತ್ತಿನಿಂದ ಬ್ರೇಕ್ ಹಿಡಿಗೆ ಒಂದು ರಬ್ಬರ್ ಪಟ್ಟಿ ಹಾಕಿಟ್ಟಿದ್ದೇವೆ. ನಿಲ್ಲಿಸಿದ ಕೂಡಲೇ ಅದನ್ನು ಬಿಗಿದು ಬ್ರೇಕ್ ಹಿಡಿದೇ ಇರುವಂತೆ ಮಾಡುತ್ತೇವೆ. ಮಕ್ಕಳು ಮೇಲಿದ್ದಾಗ ಒಂದು ಕೈ ಸೈಕಲ್ಲಿನ ಮೇಲೆಯೇ.

ಸ್ಟ್ಯಾಂಡ್ ಹಾಕುವುದನ್ನೂ ಪರೀಕ್ಷಿಸಿ. ಕೈಯಲ್ಲಿ ಎತ್ತಿ ಎಳೆಯಬೇಕಾದರೆ ಬೇಡ. ಕಾಲಲ್ಲಿ ಒತ್ತಿ ಹಿಂದಕ್ಕೆ ಎಳೆದರೆ ತಾನೇ ಏರಬೇಕು, ಮನೆಯ ಪ್ರತಿ ಸವಾರರಿಗೂ, ಹೊರೆಯ ಸಮೇತ.

ನಿಲ್ಲಿಸಲು ಎಷ್ಟು ಜಾಗ ಬೇಕು?

ಸೀಮೆಸುಣ್ಣ ತೆಗೆದುಕೊಳ್ಳಿ. ನಿಲ್ಲಿಸುವ ಜಾಗದಲ್ಲಿ ಉದ್ದ ಲಾಂಗ್‌ಟೇಲ್‌ಗೆ 210 ಸೆಂ.ಮೀ., ಪೆಟ್ಟಿಗೆಯದಕ್ಕೆ 260 ಸೆಂ.ಮೀ. ಉದ್ದಕ್ಕೆ, 70 ಸೆಂ.ಮೀ. ಅಗಲಕ್ಕೆ ಗೆರೆ ಎಳೆಯಿರಿ. ಎರಡು ದಿನ ಆ ಗೆರೆ ಅಲ್ಲೇ ಇರಲಿ. ಯಾರ್‍ಯಾರು ಅದನ್ನು ತುಳಿದುಕೊಂಡು ಹೋಗುತ್ತಾರೆ, ಯಾವ ಬಾಗಿಲು ಅದರ ಮೇಲೆ ತೆರೆಯುತ್ತದೆ ಎಂದು ತಿಳಿಯುತ್ತದೆ. ಗೇಟಿನ ತಿರುವು, ಮೆಟ್ಟಿಲ ಅಂಚು, ಲಿಫ್ಟಿನ ಆಳ ಎಲ್ಲ ಅಳೆಯಿರಿ. ಹಿಂದಿನ ಕ್ಯಾರಿಯರ್ ಊರಿ ನೆಟ್ಟಗೆ ನಿಲ್ಲಿಸಬಹುದಾದ ಗಿಡ್ಡ ಮಾದರಿಗಳಿವೆ, ಇಕ್ಕಟ್ಟಿನ ಮನೆಗೆ ಅವು ವರ. ಒಂದೇ ಷರತ್ತು, 35 ಕೆಜಿ ಎತ್ತಿ ನಿಲ್ಲಿಸುವುದು ಎಲ್ಲರಿಂದಲೂ ಆಗಬೇಕು. ತೆಗೆದು ಹೊರಗಿಡಲು ಕಷ್ಟವಾಗುವ ಸೈಕಲ್ ದಿನೇದಿನೇ ಕಡಿಮೆ ಹೊರಗೆ ಬರುತ್ತದೆ.

ಬ್ಯಾಟರಿಯನ್ನು ಮನೆಯೊಳಗೆ ಚಾರ್ಜಿಗೆ ಹಾಕಬಹುದೇ?

ಪರೀಕ್ಷೆ ಪಾಸಾದ ಬ್ಯಾಟರಿ, ಅದರ ಜೊತೆಗೆ ಬಂದ ಚಾರ್ಜರ್ ಆದರೆ ಹಾಕಬಹುದು. ಪೂರ್ತಿ ವಿದ್ಯುತ್ ವ್ಯವಸ್ಥೆಗೆ ಯುಎಲ್ 2849, ಯೂರೋಪಿನಲ್ಲಿ ಇಎನ್ 15194 ಎಂಬ ಮಾನದಂಡಗಳನ್ನು ಹುಡುಕಿ. ಚಾರ್ಜರ್ ಅದಲುಬದಲಾಗುವುದು ಹಂಚಿಕೊಳ್ಳುವ ಮನೆಗಳಲ್ಲಿ ಮಾಮೂಲಿ ತಪ್ಪು. ಪ್ಲಗ್ಗು ಕೂತಿತು ಎಂದರೆ ವೋಲ್ಟು ಹೊಂದಿತು ಎಂದಲ್ಲ. ಚಾರ್ಜರಿನ ಮೇಲೆ ದೊಡ್ಡದಾಗಿ ಹೆಸರು ಬರೆದಿಡಿ. ಹೊರಗೆ ಓಡಿಹೋಗುವ ದಾರಿಯಲ್ಲಿ, ಹಾಸಿಗೆ ಪಕ್ಕದಲ್ಲಿ ಚಾರ್ಜಿಗಿಡಬೇಡಿ. ಎಲ್ಲರೂ ಮಲಗಿದ ಮೇಲೆ ಹಾಕಬೇಡಿ. ಬಿದ್ದು ಜಖಂ ಆದ, ಊದಿಕೊಂಡ ಬ್ಯಾಟರಿಯನ್ನು ಮತ್ತೆ ಬಳಸಲೇಬೇಡಿ. ಶೂನ್ಯ ಡಿಗ್ರಿಗಿಂತ ತಣ್ಣಗಿರುವ ಬ್ಯಾಟರಿಯನ್ನು ಒಳತಂದು ಬೆಚ್ಚಗಾದ ಮೇಲೆಯೇ ಚಾರ್ಜ್ ಮಾಡಬೇಕು. ತಿಂಗಳುಗಟ್ಟಲೆ ಓಡಿಸದಿದ್ದರೆ ಅರ್ಧದಷ್ಟು ತುಂಬಿಸಿ ತಂಪಾದ ಕಡೆ ಇಡಿ.

ಮಳೆಯಲ್ಲಿ ಓಡಿಸಬಹುದೇ?

ಧಾರಾಳವಾಗಿ. ಜೋರು ನೀರಿನ ಪೈಪಿನಲ್ಲಿ ತೊಳೆಯುವುದು ಮಾತ್ರ ಬೇಡ. ಮೋಟಾರು ಮುಳುಗುವಷ್ಟು ನೀರಿಗೆ ಇಳಿಸಬೇಡಿ.

ಅರವತ್ತು ದಾಟಿದ ಅಪ್ಪ ಅಮ್ಮನೂ ಓಡಿಸಲು ಆಸೆಪಡುತ್ತಿದ್ದಾರೆ. ಆಗುತ್ತದೆಯೇ?

ಯಾಕಾಗಬಾರದು? ಅವರನ್ನು ಅಂಗಡಿಗೂ ಕರೆದುಕೊಂಡು ಹೋಗಿ. ತಳ್ಳಿಕೊಂಡು ನಡೆಯುವಾಗ ನಿಧಾನಕ್ಕೆ ನೂಕುವ ಗುಂಡಿ ಇರುವ ಮೋಟಾರು ಅವರಿಗೆ ಬಹಳ ಒಳ್ಳೆಯದು, ಏರಿನಲ್ಲಿ ಇಳಿದು ತಳ್ಳಬೇಕಾದಾಗ ಗೊತ್ತಾಗುತ್ತದೆ. ಮೊದಲ ತಿಂಗಳು ಕಡಿಮೆ ನೆರವಿನಲ್ಲಿ, ಖಾಲಿ ಸೈಕಲ್. ಮೊಮ್ಮಕ್ಕಳು ಆಮೇಲೆ.

ಓಡಿಸಿ ನೋಡುವಾಗ ಏನು ಮಾಡಬೇಕು?

ಖಾಲಿ ಸೈಕಲ್ ಓಡಿಸಿ ಕೊಳ್ಳಬೇಡಿ. ಖಾಲಿ ಇದ್ದಾಗ ಎಲ್ಲವೂ ಚೆನ್ನಾಗಿಯೇ ಓಡುತ್ತವೆ. 20 ಲೀಟರಿನ ನೀರಿನ ಕ್ಯಾನ್ ಎರಡು ಹೇರಿಸಿ ಭದ್ರವಾಗಿ ಕಟ್ಟಿಸಿ, ಅದೇ 40 ಕೆಜಿ. ಅರ್ಧ ತುಂಬಿದ ಕ್ಯಾನಾದರೆ ಇನ್ನೂ ಒಳ್ಳೆಯದು, ಒಳಗೆ ನೀರು ತುಳುಕುವುದು ಮಕ್ಕಳು ಅಲುಗಾಡುವ ಹಾಗೇ ಇರುತ್ತದೆ. ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿ. ಜೋರಾಗಿ ಅಲ್ಲ, ನಡಿಗೆಯ ವೇಗದಲ್ಲಿ ಪೂರ್ತಿ ಹಿಂದಕ್ಕೆ ತಿರುಗಿಸಿ. ಇಳಿದು, ರಸ್ತೆ ಅಂಚಿನ ಮೇಲಕ್ಕೆ ತಳ್ಳಿ. ಮೋಟಾರು ಆಫ್ ಮಾಡಿ ಇನ್ನೂರು ಮೀಟರ್ ತುಳಿಯಿರಿ, ಚಾರ್ಜ್ ಮುಗಿದ ದಿನ ಹೇಗಿರುತ್ತದೆ ಎಂದು ಗೊತ್ತಾಗಲಿ. ಈ ಎಲ್ಲವನ್ನೂ ಮನೆಯ ಪ್ರತಿಯೊಬ್ಬ ಸವಾರರೂ ಮಾಡಬೇಕು. ಒಬ್ಬರು ಓಡಿಸಿ ಇನ್ನೊಬ್ಬರು ಫೋಟೊ ತೆಗೆದರೆ ಲೆಕ್ಕಕ್ಕಿಲ್ಲ.

ಹಳೆಯದನ್ನು ಕೊಳ್ಳಬಹುದೇ?

ಫ್ರೇಮಿನ ಬೆಸುಗೆ ಜಾಗಗಳಲ್ಲಿ ಬಿರುಕು, ಹಿಂದಿನ ಚಕ್ರದ ಕಡ್ಡಿ, ಡಿಸ್ಕಿನ ಸವೆತ ನೋಡಿ. ಬ್ಯಾಟರಿ ಸಾಮಾನ್ಯವಾಗಿ 500ರಿಂದ 1000 ಪೂರ್ತಿ ಚಾರ್ಜುಗಳಿಗೆ ಬಾಳುತ್ತದೆ. ಎಷ್ಟು ಸಲ ಚಾರ್ಜ್ ಆಗಿದೆ ಎಂದು ಕೆಲವು ಮೋಟಾರುಗಳ ವ್ಯವಸ್ಥೆಯಲ್ಲಿ ಓದಿ ಹೇಳಬಹುದು. ಆ ಮಾದರಿಯ ಹೊಸ ಬ್ಯಾಟರಿ ಇನ್ನೂ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಸಿಗದಿದ್ದರೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಕೀಲಿಕೈ ಎರಡೂ ಇವೆಯೇ ಕೇಳಿ.

ಇಬ್ಬರಿಗೂ ಒಂದೇ ಹೊತ್ತಿಗೆ ಬೇಕಾದರೆ?

ಬೇಕಾಗುತ್ತದೆ, ಎರಡನೆಯ ವಾರದಿಂದಲೇ. ನಮ್ಮ ಮನೆಯಲ್ಲಿ ಹೊರೆ ಇದ್ದವರಿಗೆ ಸೈಕಲ್, ಕೈಬೀಸಿಕೊಂಡು ಹೋಗುವವರಿಗೆ ಬೇರೆ ದಾರಿ. ಮಕ್ಕಳೂ ಹೊರೆಯ ಲೆಕ್ಕವೇ. ಬೀಗದ ಕೈ ಎಲ್ಲರಿಗೂ ಒಂದೊಂದು. ವಾಪಸು ಬಂದಾಗ ಬ್ಯಾಟರಿ ಎರಡು ಗೆರೆಗಿಂತ ಕೆಳಗಿದ್ದರೆ ತಂದವರೇ ಚಾರ್ಜಿಗೆ ಹಾಕಬೇಕು. ಹಾಕಲು ಮರೆತವರು ಮರುದಿನ ಮೋಟಾರು ಆಫ್ ಆದ ಸೈಕಲ್ಲನ್ನು ಏರು ಹತ್ತಿಸಬೇಕು ಎಂದು ಮಗಳು ನಿಯಮ ಮಾಡಿದ್ದಾಳೆ. ಇಲ್ಲಿಯವರೆಗೆ ಎರಡು ಸಲ ನಾನೇ ಹತ್ತಿಸಿದ್ದೇನೆ, ಅವಳು ಹಿಂದೆ ಕೂತು ಎಣಿಸುತ್ತಿದ್ದಳು.